ಪಾರ್ಕಿನ್ಸನ್ ಇದ್ದವರಿಗೆ ಊರಿಂದಲೇ ತಜ್ಞರ ಚಿಕಿತ್ಸೆ: ಮನೆಯವರು ಏನೇನು ಮಾಡಬೇಕು?

ಹೊಸದುರ್ಗದ ನಮ್ಮ ಕಿರಾಣಿ ಅಂಗಡಿಯಲ್ಲಿ ಉದ್ರಿ ಲೆಕ್ಕ ಬರೆಯುತ್ತಿದ್ದದ್ದು ಅಪ್ಪ. ದುಂಡಗೆ, ಬಿಡಿಬಿಡಿಯಾಗಿ ಬರೆಯುವ ಕೈ. ಒಂದು ವರ್ಷ ಅವರ ಅಕ್ಷರ ಸಣ್ಣದಾಗುತ್ತಾ ಬಂತು. ಸಾಲಿನ ಶುರುವಿನಲ್ಲಿ ಕಡಲೆಕಾಳಿನಷ್ಟಿದ್ದದ್ದು ಕೊನೆಗೆ ಬರುವ ಹೊತ್ತಿಗೆ ಸಾಸಿವೆಯಷ್ಟಾಗುತ್ತಿತ್ತು. "ಕನ್ನಡಕ ಬದಲಿಸಿ ಅಪ್ಪ" ಎಂದೆವು. ಬದಲಿಸಿದರು. ಅಕ್ಷರ ಹಾಗೇ ಉಳಿಯಿತು. ಆಮೇಲೆ ಬಲಗಡೆ ಭುಜ ನೋವು ಶುರುವಾಯಿತು. ಮೂಳೆ ಡಾಕ್ಟರಿಗೆ ತೋರಿಸಿದೆವು, ಭುಜ ಹಿಡಿದುಕೊಂಡಿದೆ ಎಂದರು. ಎಣ್ಣೆ ತಿಕ್ಕಿದೆವು, ಶಾಖ ಕೊಟ್ಟೆವು. ನರರೋಗ ತಜ್ಞರ ಮುಂದೆ ಹೋಗಿ ಕೂರುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ಅವರು ಅಪ್ಪನ ಕೈಗೆ ಪೆನ್ನು ಕೊಟ್ಟು ಒಂದು ಸಾಲು ಬರೆಸಿದರು. ಹೆಬ್ಬೆರಳು ತೋರುಬೆರಳು ತಟ್ಟಿಸಿದರು. ಮೊಣಕೈ ಹಿಡಿದು ಆಡಿಸಿದರು. ಬಾಗಿಲತನಕ ನಡೆಸಿ ವಾಪಸ್ ಕರೆದರು. ಅಷ್ಟಕ್ಕೇ ಅವರಿಗೆ ಗೊತ್ತಾಗಿತ್ತು.

ಆ ಒಂದೂವರೆ ವರ್ಷ ಬೇರೆ ಮನೆಗಳಲ್ಲಿ ಕಳೆದುಹೋಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿರುವ ನರರೋಗ ತಜ್ಞರು ಕೆಲವೇ ಸಾವಿರ ಜನ, ಅವರಲ್ಲೂ ಬಹುಪಾಲು ದೊಡ್ಡ ಊರುಗಳಲ್ಲಿದ್ದಾರೆ. ತಾಲ್ಲೂಕಿಗೊಬ್ಬರು ಬರುವ ಕಾಲ ಸದ್ಯಕ್ಕಂತೂ ಕಾಣುತ್ತಿಲ್ಲ. ಆದರೆ ಇಷ್ಟು ವರ್ಷದಲ್ಲಿ ನನಗೆ ಗೊತ್ತಾದದ್ದು ಇದು: ತಜ್ಞರು ದೂರ ಇದ್ದರೂ ನಡೆಯುತ್ತದೆ, ಅವರಿಗೂ ನಮ್ಮ ಮನೆಗೂ ನಡುವಿನ ಎಳೆ ಕಡಿಯದಿದ್ದರೆ ಸಾಕು. ಆ ಎಳೆ ಹಿಡಿದಿಡುವ ಕೆಲಸ ಮನೆಯವರದ್ದು. ನಾನು ಡಾಕ್ಟರಲ್ಲ. ಮಾತ್ರೆ ಹೆಚ್ಚು ಕಡಿಮೆ ಮಾಡುವ ಯಾವ ತೀರ್ಮಾನವನ್ನೂ ಇದನ್ನು ಓದಿ ಮಾಡಬೇಡಿ.

1. ನಡುಕ ಬರಲಿ ಅಂತ ಕಾಯಬೇಡಿ

ಪಾರ್ಕಿನ್ಸನ್ ಅಂದರೆ ಕೈ ನಡುಗುವ ಕಾಯಿಲೆ ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. ನಡುಕವೇ ಇಲ್ಲದ ರೋಗಿಗಳೂ ಇದ್ದಾರೆ. ಮುಖ್ಯವಾಗಿ ನೋಡಬೇಕಾದ್ದು ನಿಧಾನ. ಅಂಗಿ ಗುಂಡಿ ಹಾಕಲು ಮುಂಚಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆಯೇ? ನಡೆಯುವಾಗ ಒಂದು ಕೈ ಬೀಸುವುದು ನಿಂತಿದೆಯೇ? ಒಂದು ಕಾಲು ಎಳೆದಂತೆ ಆಗುತ್ತದೆಯೇ? ಮುಖದಲ್ಲಿ ನಗು ಕಡಿಮೆಯಾಗಿ, "ಯಾಕೆ ಸಿಟ್ಟಾಗಿದ್ದೀರಿ" ಅಂತ ಜನ ಕೇಳುತ್ತಾರೆಯೇ? ಹೆಚ್ಚಾಗಿ ಇದು ದೇಹದ ಒಂದೇ ಕಡೆ ಶುರುವಾಗುತ್ತದೆ.

ಇದಕ್ಕೂ ವರ್ಷಗಳ ಮುಂಚೆ ಬರುವ ಗುರುತುಗಳಿವೆ. ವಾಸನೆ ಗೊತ್ತಾಗದಿರುವುದು, ಬಿಡದ ಮಲಬದ್ಧತೆ, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು. ಅಪ್ಪನಿಗೆ ಒಗ್ಗರಣೆ ಸೀದದ್ದೂ ಗೊತ್ತಾಗುತ್ತಿರಲಿಲ್ಲ. ಅಮ್ಮ ಅದನ್ನು ಎಷ್ಟೋ ಸಲ ಹೇಳಿದ್ದರು. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಇವುಗಳಲ್ಲಿ ಒಂದೆರಡು ಕಂಡ ಕೂಡಲೇ ಪಾರ್ಕಿನ್ಸನ್ ಅಂತ ಹೆದರಬೇಕಿಲ್ಲ. ಆದರೆ ನಿಧಾನದ ಜೊತೆ ಇವೂ ಸೇರಿದ್ದರೆ "ವಯಸ್ಸಾಯ್ತು ಬಿಡಿ" ಅಂತ ಸುಮ್ಮನಿರಬಾರದು.

2. ಮೊದಲು ಮನೆಯಲ್ಲಿರುವ ಮಾತ್ರೆ ಡಬ್ಬಿ ತೆಗೆಯಿರಿ

ಇದು ತುಂಬಾ ಮುಖ್ಯ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಕೆಲವು ಮಾತ್ರೆಗಳಿಂದಲೇ ಪಾರ್ಕಿನ್ಸನ್ ತರಹದ ಲಕ್ಷಣ ಬರುತ್ತದೆ. ಗ್ಯಾಸ್ಟ್ರಿಕ್‌ಗೆ ಅಂತ ತಿಂಗಳುಗಟ್ಟಲೆ ನುಂಗುವ ಕೆಲವು ಮಾತ್ರೆಗಳಲ್ಲಿ ಲೆವೊಸಲ್ಪಿರೈಡ್ ಸೇರಿರುತ್ತದೆ. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್ ಮತ್ತು ಪ್ರೊಕ್ಲೋರ್‌ಪೆರಜಿನ್, ತಲೆನೋವಿಗೂ ತಲೆಸುತ್ತಿಗೂ ಕೊಡುವ ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಇವೂ ಆ ಪಟ್ಟಿಯಲ್ಲಿವೆ.

ನಮ್ಮ ಚಿಕ್ಕಮ್ಮನಿಗೆ ಹೀಗೇ ಆಯಿತು. ಹಳೆ ಚೀಟಿ ತೋರಿಸಿ ಎರಡು ವರ್ಷ ಅದೇ ಗ್ಯಾಸ್ ಮಾತ್ರೆ ತರಿಸಿ ನುಂಗಿದ್ದರು. ಕೈ ನಡುಕ, ಬಿಗಿತ ಎಲ್ಲ ಬಂತು. ತಜ್ಞರು ಸ್ಟ್ರಿಪ್ ಹಿಂದೆ ಬರೆದಿದ್ದನ್ನು ಓದಿ, ಆ ಮಾತ್ರೆ ನಿಲ್ಲಿಸಿದರು. ಕೆಲವು ತಿಂಗಳಲ್ಲಿ ಚಿಕ್ಕಮ್ಮ ಮತ್ತೆ ರೊಟ್ಟಿ ತಟ್ಟುತ್ತಿದ್ದರು.

ಅದಕ್ಕೇ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬಿಪಿ, ಶುಗರ್, ಗ್ಯಾಸು, ನಿದ್ದೆ, ನಾಟಿ ಔಷಧಿ, ಯಾವುದನ್ನೂ ಬಿಡಬೇಡಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಅದರಲ್ಲೂ ಮಾನಸಿಕ ಕಾಯಿಲೆಯ ಮಾತ್ರೆಯನ್ನು. ತೋರಿಸಿ, ಕೇಳಿ.

3. ಯಾವ ಡಾಕ್ಟರು, ಎಲ್ಲಿ?

"ನರದ ಡಾಕ್ಟರು" ಅಂತ ಊರಲ್ಲಿ ಮೂರು ಥರದವರನ್ನೂ ಕರೆಯುತ್ತಾರೆ. ಬೋರ್ಡಿನಲ್ಲಿ ಡಿಎಂ ನ್ಯೂರಾಲಜಿ ಅಂತ ಇದ್ದರೆ ಅವರು ನರರೋಗ ತಜ್ಞರು, ನಮಗೆ ಬೇಕಾದವರು. ಎಂಸಿಎಚ್ ನ್ಯೂರೋಸರ್ಜರಿ ಅಂದರೆ ಆಪರೇಷನ್ ಮಾಡುವವರು. ಇನ್ನು ಮನೋವೈದ್ಯರು ಬೇರೆ. ನರರೋಗ ತಜ್ಞರಲ್ಲೇ ಪಾರ್ಕಿನ್ಸನ್ನಿನಂಥ ಚಲನೆಯ ತೊಂದರೆಗಳನ್ನೇ ಜಾಸ್ತಿ ನೋಡುವವರು ಕೆಲವರಿದ್ದಾರೆ. ಅವರನ್ನು ಮೂವ್‌ಮೆಂಟ್ ಡಿಸಾರ್ಡರ್ ತಜ್ಞರು ಅನ್ನುತ್ತಾರೆ. ಎಲ್ಲರೂ ಅವರ ಹತ್ತಿರವೇ ಹೋಗಬೇಕಿಲ್ಲ. ಕಾಯಿಲೆ ಯಾವುದು ಎಂಬ ಗೊಂದಲ ಇದ್ದರೆ, ಮಾತ್ರೆಯಿಂದ ಕಾಯಿಲೆ ಹಿಡಿತಕ್ಕೆ ಬರದಿದ್ದರೆ, ಐವತ್ತಕ್ಕೂ ಮೊದಲೇ ಕಾಯಿಲೆ ಬಂದಿದ್ದರೆ ಒಂದು ಸಲ ಹೋಗಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಜಿಲ್ಲಾ ಆಸ್ಪತ್ರೆಯಿಂದ ಶುರು ಮಾಡಿ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿತು. ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಬಂದ ಈ ಮಿದುಳು ಆರೋಗ್ಯ ಕ್ಲಿನಿಕ್ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂದಿದೆ. ಪಾರ್ಶ್ವವಾಯು, ಮೂರ್ಛೆ, ತಲೆನೋವು, ಮರೆವು ಇದರ ಮುಖ್ಯ ಕೆಲಸ. ಆದರೂ ಅಲ್ಲಿನ ಡಾಕ್ಟರಿಗೆ ನರದ ಕಾಯಿಲೆಗಳ ತರಬೇತಿ ಇರುತ್ತದೆ, ಮುಂದೆ ಎಲ್ಲಿಗೆ ಕಳಿಸಬೇಕು ಅಂತಲೂ ಗೊತ್ತಿರುತ್ತದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಯಾವ ದಿನ ಇದೆ ಅಂತ ಕೇಳಿ.

ಅಲ್ಲಿಂದ ಮುಂದಕ್ಕೆ ಮೆಡಿಕಲ್ ಕಾಲೇಜು ಇರುವ ಊರುಗಳು. ಮೈಸೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ, ಕಲಬುರಗಿ. ಕೊನೆಗೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. ಅಲ್ಲಿಗೆ ಹೋಗುವ ಮುಂಚೆ ನೋಂದಣಿ ಹೇಗೆ, ಯಾವ ದಿನ ಅಂತ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. ಮೊದಲ ದಿನವೇ ಪಾರ್ಕಿನ್ಸನ್ ತಜ್ಞರ ಮುಂದೆ ಕೂರುತ್ತೇವೆ ಅಂದುಕೊಂಡು ಹೋಗಬೇಡಿ. ಮೊದಲು ಪರೀಕ್ಷೆ, ಆಮೇಲೆ ಬೇಕಿದ್ದರೆ ವಿಶೇಷ ಕ್ಲಿನಿಕ್. ಒಂದು ರಾತ್ರಿ ಉಳಿಯುವ ತಯಾರಿ ಇರಲಿ. ಊರಿನ ಡಾಕ್ಟರಿಂದ ಒಂದು ರೆಫರೆನ್ಸ್ ಲೆಟರ್ ಬರೆಸಿಕೊಂಡು ಹೋದರೆ ಮಾತು ಬೇಗ ಮುಂದೆ ಸಾಗುತ್ತದೆ.

ಎಂಆರ್‌ಐ ಮಾಡಿಸಿಕೊಂಡೇ ಹೋಗಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಪಾರ್ಕಿನ್ಸನ್ ಗೊತ್ತಾಗುವುದು ಡಾಕ್ಟರು ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿದಾಗ. ಎಂಆರ್‌ಐ ಬೇಕಾಗುವುದು ಹೆಚ್ಚಾಗಿ ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ತಜ್ಞರೇ ಬರೆದುಕೊಟ್ಟ ಮೇಲೆ ಮಾಡಿಸಿ.

4. ಒಂದು ನೋಟ್‌ಬುಕ್, ಎರಡು ವಿಡಿಯೊ

ತಜ್ಞರು ನಿಮ್ಮನ್ನು ನೋಡುವುದು ಹತ್ತು ನಿಮಿಷ. ಹೊರಗೆ ನೂರು ಜನ ಕೂತಿರುತ್ತಾರೆ, ಅವರ ಮೇಲೂ ಬೇಜಾರು ಮಾಡಿಕೊಳ್ಳುವಂತಿಲ್ಲ. ಆ ಹತ್ತು ನಿಮಿಷದ ಬೆಲೆ ನೀವು ಮನೆಯಿಂದ ಏನು ತಂದಿದ್ದೀರಿ ಅನ್ನುವುದರ ಮೇಲಿದೆ.

ಈ ಕಾಯಿಲೆಯಲ್ಲಿ ದಿನವೆಲ್ಲ ಒಂದೇ ಥರ ಇರುವುದಿಲ್ಲ. ಮಾತ್ರೆ ಕೆಲಸ ಮಾಡುವಾಗ ಕೈಕಾಲು ಸಡಿಲ. ಅದನ್ನು ಆನ್ ಅನ್ನುತ್ತಾರೆ. ಮಾತ್ರೆಯ ಶಕ್ತಿ ಇಳಿದಾಗ ಮತ್ತೆ ಬಿಗಿತ. ಅದು ಆಫ್. ಆಸ್ಪತ್ರೆಯಲ್ಲಿ ಡಾಕ್ಟರು ನೋಡುವ ಹೊತ್ತಿಗೆ ಆನ್ ಇದ್ದರೆ ಮನೆಯಲ್ಲಿ ಎಷ್ಟು ಕಷ್ಟ ಇದೆ ಅಂತ ಅವರಿಗೆ ಕಾಣುವುದೇ ಇಲ್ಲ. ನಮಗೆ ಒಂದು ಸಲ ಹೀಗೇ ಆಯಿತು. ಐದು ಗಂಟೆ ಬಸ್ಸಿನಲ್ಲಿ ಹೋದೆವು. ಅಪ್ಪ ಡಾಕ್ಟರ ಮುಂದೆ ಹುಡುಗನ ಹಾಗೆ ನಡೆದುಬಿಟ್ಟರು. "ಚೆನ್ನಾಗಿದ್ದೀರಲ್ಲ" ಅಂತ ಅದೇ ಮಾತ್ರೆ ಬರೆದುಕೊಟ್ಟರು. ಬೆಳಗಿನ ಜಾವ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಆಗದ ಅಪ್ಪನನ್ನು ಅವರು ನೋಡಿರಲಿಲ್ಲ, ನಾವೂ ಬಾಯಿಬಿಟ್ಟು ಹೇಳಲಿಲ್ಲ.

ಆವತ್ತಿಂದ ನಾವು ಮಾಡುವುದು ಇಷ್ಟು. ಆಸ್ಪತ್ರೆಗೆ ಹೋಗುವ ಮುಂಚಿನ ಮೂರು ದಿನ, ಅಂಗಡಿ ನೋಟ್‌ಬುಕ್ಕಿನಲ್ಲಿ ಗಂಟೆ ಹಾಕಿ ಬರೆಯುತ್ತೇವೆ. ಒಂದು ದಿನದ್ದು ಹೀಗಿದೆ:

ಬೆಳಗ್ಗೆ 6.30 ಮಾತ್ರೆ. 7.15 ಎದ್ದು ಓಡಾಡಿದರು. 10.00 ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿತು. 10.30 ಮಾತ್ರೆ. 11.30 ಚೆನ್ನಾಗಿದ್ದರು, ತಲೆ ಮೈ ತನ್ನಷ್ಟಕ್ಕೆ ಓಲಾಡಿತು. ಮಧ್ಯಾಹ್ನ 1.30 ಊಟ, 2.30 ಮಾತ್ರೆ, ಸಂಜೆ 4ರವರೆಗೂ ಏನೂ ಪ್ರಯೋಜನ ಆಗಲಿಲ್ಲ.

ಈ ನಾಲ್ಕು ಸಾಲು ನೋಡಿ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: "ಮಧ್ಯಾಹ್ನ ಊಟಕ್ಕೆ ಏನು?" ಹುರುಳಿ ಸಾರು, ಮುದ್ದೆ, ಮೇಲೆ ಮೊಸರು. ಅದರ ಕಥೆ ಮುಂದೆ ಹೇಳುತ್ತೇನೆ.

ವಿಡಿಯೊ ಎರಡು ಬೇಕು, ಒಂದು ಆನ್ ಇದ್ದಾಗ, ಒಂದು ಆಫ್ ಇದ್ದಾಗ. ಒಂದೊಂದೂ ಎರಡು ನಿಮಿಷದೊಳಗೆ ಮುಗಿಯಲಿ. ಕುರ್ಚಿಯಿಂದ ಕೈ ಊರದೆ ಏಳುವುದು, ಹತ್ತು ಹೆಜ್ಜೆ ನಡೆದು ತಿರುಗಿ ಬರುವುದು, ಎರಡೂ ಕೈಯ ಬೆರಳು ತಟ್ಟುವುದು, ಕೈ ತೊಡೆ ಮೇಲಿಟ್ಟು ಸುಮ್ನೆ ಕೂರುವುದು, ಒಂದು ಸಾಲು ಬರೆಯುವುದು. ತಲೆಯಿಂದ ಪಾದದವರೆಗೂ ಕಾಣುವ ಹಾಗೆ ಹಿಡಿಯಿರಿ. ಬೀಳುವ ಭಯ ಇದ್ದರೆ ಪಕ್ಕದಲ್ಲಿ ಇನ್ನೊಬ್ಬರು ನಿಂತಿರಲಿ.

5. ಆ ಹತ್ತು ನಿಮಿಷದಲ್ಲಿ

ಕೇಳಬೇಕಾದ್ದನ್ನು ಮೊದಲೇ ಬರೆದುಕೊಳ್ಳಿ. ಮೂರೇ ಪ್ರಶ್ನೆ ಸಾಕು, ಅತಿ ಕಷ್ಟದ್ದು ಮೊದಲು. ರೋಗಿ ಮಾತಾಡಲು ನಿಧಾನ ಮಾಡಿದರೂ ಅವರೇ ಮಾತಾಡಲಿ. ಅವರ ಬಾಯಿಂದ ನಾವು ಮಾತು ಕಿತ್ತುಕೊಂಡರೆ ಡಾಕ್ಟರಿಗೆ ಧ್ವನಿಯೂ ಗೊತ್ತಾಗುವುದಿಲ್ಲ, ಮನಸ್ಸೂ ಗೊತ್ತಾಗುವುದಿಲ್ಲ.

ಹೇಳಲು ನಾಚಿಕೆಪಡುವ ವಿಷಯಗಳೇ ಹೇಳಲೇಬೇಕಾದವು. ಮಲಬದ್ಧತೆ, ಮೂತ್ರದ ತೊಂದರೆ, ಬೇಸರ, ಅಳು, ಇಲ್ಲದವರು ಕಣ್ಣಿಗೆ ಕಾಣುವುದು, ನೀರು ಕುಡಿಯುವಾಗ ಕೆಮ್ಮು, ಎದ್ದು ನಿಂತಾಗ ಕಣ್ಣು ಕತ್ತಲೆ. ಇನ್ನೊಂದಿದೆ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಥರದ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಹಿಡಿತವಿಲ್ಲದ ಚಟ ಹತ್ತುತ್ತದೆ. ಇಸ್ಪೀಟು, ಫೋನಿನಲ್ಲಿ ರಮ್ಮಿ, ಬೇಡದ್ದನ್ನೆಲ್ಲ ಕೊಳ್ಳುವುದು, ಕಾಮದ ಆಸೆ ಮಿತಿಮೀರುವುದು. ಅದು ಅವರ ಗುಣ ಕೆಟ್ಟದ್ದಲ್ಲ, ಮಾತ್ರೆಯ ಪರಿಣಾಮ. ದುಡ್ಡು, ಮರ್ಯಾದೆ ಹೋಗುವ ಮುಂಚೆ ಡಾಕ್ಟರಿಗೆ ಹೇಳಿ.

ಹೊರಗೆ ಬರುವ ಮುಂಚೆ ಇಷ್ಟು ಕೇಳಿಕೊಳ್ಳಿ: ನಡುವೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಮುಂದಿನ ಸಲ ವಿಡಿಯೊ ಕಾಲ್‌ನಲ್ಲಿ ನೋಡುತ್ತೀರಾ? ನಮ್ಮ ಊರಿನ ಡಾಕ್ಟರಿಗೆ ಎರಡು ಸಾಲು ಬರೆದುಕೊಡುತ್ತೀರಾ?

6. ಊರಿನ ಡಾಕ್ಟರನ್ನು ಜೊತೆಗೆ ಸೇರಿಸಿಕೊಳ್ಳಿ

ಆ ಎರಡು ಸಾಲಿನ ಚೀಟಿಯೇ ದೊಡ್ಡ ಆಸ್ತಿ. ಊರಿನ ಎಂಬಿಬಿಎಸ್ ಡಾಕ್ಟರು ಅಥವಾ ಫಿಜಿಷಿಯನ್ ಒಬ್ಬರನ್ನು ಗಟ್ಟಿ ಮಾಡಿಕೊಳ್ಳಿ. ಪ್ರತಿ ಸಲ ತಜ್ಞರನ್ನು ನೋಡಿ ಬಂದಮೇಲೆ ಅವರಿಗೆ ಫೈಲ್ ತೋರಿಸಿ. ಜ್ವರ, ಮೂತ್ರದ ಸೋಂಕು ಬಂದರೆ ಪಾರ್ಕಿನ್ಸನ್ ರೋಗಿ ಇದ್ದಕ್ಕಿದ್ದಂತೆ ತೀರಾ ಸೋತುಹೋಗುತ್ತಾರೆ. ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ, ಊರಲ್ಲೇ ನೋಡಬಹುದು.

ಡಾಕ್ಟರು ಫೋನ್, ವಿಡಿಯೊ ಮೂಲಕ ನೋಡಿ ಔಷಧಿ ಬರೆಯಲು ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲೇ ನಿಯಮ ಮಾಡಿದೆ. ಸರ್ಕಾರದ ಇ-ಸಂಜೀವಿನಿ ಉಚಿತ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕೂತು ದೊಡ್ಡ ಆಸ್ಪತ್ರೆಯ ಡಾಕ್ಟರ ಜೊತೆ ಮಾತಾಡಬಹುದು. ನರರೋಗ ತಜ್ಞರು ಯಾವಾಗ ಸಿಗುತ್ತಾರೆ ಅಂತ ಅಲ್ಲೇ ವಿಚಾರಿಸಿ. ಆದರೆ ಮೊದಲ ಭೇಟಿ ಎದುರಾಎದುರೇ ಆಗಬೇಕು. ಕೈಯಲ್ಲಿರುವ ಬಿಗಿತ ಪರದೆಯಲ್ಲಿ ಕಾಣುವುದಿಲ್ಲ. ಒಮ್ಮೆ ಕಾಯಿಲೆ ಗೊತ್ತಾದ ಮೇಲೆ, ನಡುವಿನ ಭೇಟಿಗಳಿಗೆ ವಿಡಿಯೊ ಕಾಲ್ ಚೆನ್ನಾಗಿ ಸಾಲುತ್ತದೆ. ನಮ್ಮದು ಈಗ ಹಾಗೇ ನಡೆಯುತ್ತಿದೆ. ವರ್ಷಕ್ಕೆ ಒಂದೆರಡು ಸಲ ಹೋಗುತ್ತೇವೆ, ಉಳಿದದ್ದು ಫೋನಿನಲ್ಲಿ.

ಫಿಜಿಯೋಥೆರಪಿ ಮಾತ್ರೆಯಷ್ಟೇ ಮುಖ್ಯ. ಅಪ್ಪನಿಗೆ ಅಡುಗೆಮನೆ ಬಾಗಿಲ ಹತ್ತಿರ ಕಾಲು ಅಂಟುತ್ತಿತ್ತು. ಫಿಜಿಯೋಥೆರಪಿ ಮಾಡುವವರು ನೆಲಕ್ಕೆ ಅಡ್ಡಡ್ಡ ಬಣ್ಣದ ಟೇಪ್ ಅಂಟಿಸಿ, "ಗೆರೆ ದಾಟಿ" ಅಂದರು. ಅಪ್ಪ ದಾಟಿಬಿಟ್ಟರು. ಅಮ್ಮ ರಂಗೋಲಿ ಪುಡಿ ಹಿಡಿದು ನಿಂತಿದ್ದವರು ಅಲ್ಲೇ ಕೂತು ಅತ್ತರು.

ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ನೋಡಿಕೊಳ್ಳುವವರೂ ಮಾಡಬಹುದು. ಮುಂಬೈಯಲ್ಲಿ 2001ರಲ್ಲಿ ಶುರುವಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ರೋಗಿಗಳ ಗುಂಪುಗಳನ್ನು ನಡೆಸುತ್ತದೆ. ಇಂಥ ಗುಂಪಿನಲ್ಲಿ ಒಬ್ಬರನ್ನೊಬ್ಬರು ನೋಡಿಯೇ ಅರ್ಧ ಧೈರ್ಯ ಬರುತ್ತದೆ.

7. ಮಾತ್ರೆ: ಇಲ್ಲಿ ತಪ್ಪಿದರೆ ತಜ್ಞರೂ ಏನೂ ಮಾಡಲಾಗದು

ಮುಖ್ಯ ಮಾತ್ರೆ ಲೆವೊಡೋಪಾ, ಜೊತೆಗೆ ಕಾರ್ಬಿಡೋಪಾ. ನಮ್ಮ ಕಡೆ ಜಾಸ್ತಿ ಸಿಗುವ ಸಿಂಡೋಪಾದಲ್ಲಿ 110 ಅಂದರೆ ಲೆವೊಡೋಪಾ 100, ಕಾರ್ಬಿಡೋಪಾ 10 ಮಿಲಿಗ್ರಾಂ. ಪ್ಲಸ್ ಅಂದರೆ 100 ಮತ್ತು 25. 275 ಅಂದರೆ 250 ಮತ್ತು 25. ಹೆಸರು ಒಂದೇ, ಶಕ್ತಿ ಬೇರೆ. ಒಂದು ಅಂಗಡಿಯಲ್ಲಿ ನಮಗೆ 110 ಬದಲು 275 ಕೊಟ್ಟಿದ್ದರು. ಎರಡು ದಿನ ಅಪ್ಪ ವಾಂತಿ, ತಲೆಸುತ್ತು ಅಂತ ಮಲಗಿಬಿಟ್ಟರು. ಈಗ ಹಳೆ ಸ್ಟ್ರಿಪ್ ಪಕ್ಕ ಹೊಸ ಸ್ಟ್ರಿಪ್ ಇಟ್ಟು ಓದಿ ಆಮೇಲೆ ದುಡ್ಡು ಕೊಡುತ್ತೇವೆ. ಸಿಆರ್ ಅಂತ ಬರೆದ ಮಾತ್ರೆಯನ್ನು ಪುಡಿ ಮಾಡಬಾರದು, ಅಗಿಯಬಾರದು. ಹದಿನೈದು ದಿನದ ಮಾತ್ರೆ ಯಾವಾಗಲೂ ಮನೆಯಲ್ಲಿರಲಿ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಂಡರೆ ಜನೌಷಧಿ ಕೇಂದ್ರದಲ್ಲೂ ಕೇಳಬಹುದು, ಅಲ್ಲಿ ಬೆಲೆ ತುಂಬಾ ಕಡಿಮೆ.

ಈಗ ಹುರುಳಿ ಸಾರಿನ ವಿಷಯ. ಲೆವೊಡೋಪಾ ಮತ್ತು ನಾವು ತಿನ್ನುವ ಪ್ರೋಟೀನ್ ಎರಡೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವುದು ಒಂದೇ ಬಾಗಿಲಿಂದ. ನೂಕುನುಗ್ಗಲಾದರೆ ಮಾತ್ರೆ ಹೊರಗೇ ನಿಲ್ಲುತ್ತದೆ. ಅದಕ್ಕೆ ಊಟಕ್ಕೆ ಅರ್ಧ ಗಂಟೆ ಮುಂಚೆ, ಅಥವಾ ಊಟವಾಗಿ ಒಂದೂವರೆ ಗಂಟೆ ಕಳೆದ ಮೇಲೆ ನೀರಿನಲ್ಲಿ ನುಂಗಿ. ಹಾಲಿನಲ್ಲಿ ಬೇಡ. ಅಪ್ಪ ವರ್ಷಗಟ್ಟಲೆ ಬೆಳಗಿನ ಮಾತ್ರೆಯನ್ನು ಹಾಲಿನ ಜೊತೆ ನುಂಗಿದ್ದರು, "ಖಾಲಿ ಹೊಟ್ಟೆಗೆ ಮಾತ್ರೆ ಉಷ್ಣ" ಅಂತ. ಪ್ರೋಟೀನ್ ಬಿಡುವುದು ಬೇಡ, ದೇಹ ಸೊರಗುತ್ತದೆ. ಹೊತ್ತು ಬದಲಿಸಿ ಸಾಕು. ಶುರುವಿನಲ್ಲಿ ವಾಕರಿಕೆ ಬಂದರೆ ಡಾಕ್ಟರೇ ಎರಡು ಬಿಸ್ಕತ್ತಿನ ಜೊತೆ ತೆಗೆದುಕೊಳ್ಳಿ ಅನ್ನಬಹುದು.

ನಸುಗುನ್ನಿ ಬೀಜದ ಪುಡಿ ಕೊಡುವವರಿದ್ದಾರೆ. ಆ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಅದಕ್ಕೇ ತಜ್ಞರಿಗೆ ಹೇಳದೆ ಮಾತ್ರೆಯ ಜೊತೆ ಅದನ್ನೂ ತೆಗೆದುಕೊಂಡರೆ ಪ್ರಮಾಣ ಮಿತಿಮೀರುತ್ತದೆ.

8. ದುಡ್ಡು, ಕಾರ್ಡು, ಬಸ್ಸು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ತೊಂದರೆಗಳಲ್ಲಿ ಪಾರ್ಕಿನ್ಸನ್ ಹೆಸರು ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹೋಗಬೇಕು. ಶೇ 40 ದಾಟಿದರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿ. ಪರೀಕ್ಷೆಗೆ ಹೋಗುವಾಗಲೂ ಆಫ್ ವಿಡಿಯೊ ತೋರಿಸಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅದು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತಿಂಗಳ ಮಾತ್ರೆ ಖರ್ಚು ಅದರಲ್ಲಿ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ, ಆರೋಗ್ಯ ಮಿತ್ರರ ಕೌಂಟರಿನಲ್ಲಿ ಮೊದಲೇ ಕೇಳಿ. ಅಮ್ಮಂದಿರನ್ನು ಕರೆದೊಯ್ಯುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಬಸ್ಸು ಇಬ್ಬರಿಗೂ ಉಚಿತ. ಬಸ್ಸಿನಲ್ಲಿ ಮಾತ್ರೆ ಹೊತ್ತು ತಪ್ಪದಂತೆ ಫೋನಿನಲ್ಲಿ ಅಲಾರಂ ಇಡಿ.

9. ಮತ್ತೆ ತಜ್ಞರ ಹತ್ತಿರ ಬೇಗ ಹೋಗಬೇಕಾದ್ದು ಯಾವಾಗ?

ತಜ್ಞರು 5-2-1 ಅಂತ ಒಂದು ಲೆಕ್ಕ ಇಟ್ಟಿದ್ದಾರೆ. ದಿನಕ್ಕೆ 5 ಸಲ ಅಥವಾ ಹೆಚ್ಚು ಲೆವೊಡೋಪಾ, 2 ಗಂಟೆ ಅಥವಾ ಹೆಚ್ಚು ಆಫ್, 1 ಗಂಟೆ ಅಥವಾ ಹೆಚ್ಚು ಮೈ ತನ್ನಷ್ಟಕ್ಕೆ ಓಲಾಡಿ ತೊಂದರೆ ಕೊಡುವುದು. ಇದರಲ್ಲಿ ಒಂದು ಬಂದರೂ ಚಿಕಿತ್ಸೆಯನ್ನು ಹೊಸದಾಗಿ ನೋಡುವ ಹೊತ್ತಾಯಿತು ಅಂತ ಅರ್ಥ. ಮಿದುಳಿನೊಳಗೆ ಸಣ್ಣ ತಂತಿ ಇಟ್ಟು ಮೆಲ್ಲಗೆ ವಿದ್ಯುತ್ ಹರಿಸುವ, ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಎಂಬ ಆಪರೇಷನ್ ಮಾತು ಬರುವುದೂ ಆಗಲೇ. ಅದು ಎಲ್ಲರಿಗೂ ಹೊಂದುವುದಿಲ್ಲ, ಖರ್ಚು ಹಲವು ಲಕ್ಷ, ಕಾಯಿಲೆಯನ್ನು ವಾಸಿ ಮಾಡುವುದೂ ಇಲ್ಲ. ಆದರೆ ಲೆವೊಡೋಪಾಕ್ಕೆ ಚೆನ್ನಾಗಿ ಸ್ಪಂದಿಸುವ, ಮರೆವು ಹೆಚ್ಚಿಲ್ಲದವರಿಗೆ ದೊಡ್ಡ ಅನುಕೂಲ ಆಗುತ್ತದೆ. ತೀರಾ ಹಾಸಿಗೆ ಹಿಡಿದ ಮೇಲೆ ಕೇಳಿದರೆ ತಡ.

ಮೇಲಿಂದ ಮೇಲೆ ಬೀಳುವುದು, ನುಂಗಲು ಆಗದಿರುವುದು, ಇಲ್ಲದ್ದು ಕಂಡು ಹೆದರುವುದು ಶುರುವಾದರೂ ಮುಂದಿನ ತಾರೀಖಿಗೆ ಕಾಯಬೇಡಿ.

ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಒಂದು ಮಾತು ನೆನಪಿರಲಿ. ಲೆವೊಡೋಪಾವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ರಾತ್ರಿ ಡ್ಯೂಟಿಯಲ್ಲಿ ಇರುವವರಿಗೆ ಇದು ಹೊಳೆಯದೇ ಇರಬಹುದು. ಅಪ್ಪನ ಅಂಗಿ ಜೇಬಿನಲ್ಲಿ ಒಂದು ಕಾರ್ಡಿದೆ, ಬೀಡಿ ಪಾಕೆಟ್ಟಿನಷ್ಟು ದೊಡ್ಡದು, ಪ್ಲಾಸ್ಟಿಕ್ ಹೊದಿಸಿದ್ದು. ನಾನೇ ದೊಡ್ಡ ಅಕ್ಷರದಲ್ಲಿ ಬರೆದದ್ದು. ನೀವೂ ಬರೆದಿಟ್ಟುಕೊಳ್ಳಿ:

"ನನಗೆ ಪಾರ್ಕಿನ್ಸನ್ ಕಾಯಿಲೆ ಇದೆ. ನಾನು ಕುಡಿದಿಲ್ಲ. ನನ್ನ ಮಾತ್ರೆ ಸಮಯ 6.30, 10.30, 2.30, 6.30. ಹೊತ್ತಿಗೆ ಸರಿಯಾಗಿ ಕೊಡಿ, ನಿಲ್ಲಿಸಬೇಡಿ. ಮೆಟೊಕ್ಲೋಪ್ರಮೈಡ್, ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಬೇಡ. ಮಗಳ ಫೋನ್ ನಂಬರ್ ಹಿಂದುಗಡೆ ಇದೆ."